ಮೂರು ದಿನಕ್ಕೆ ಬರುವ ಕಟ್ಟಡ

ಆ ಬೀದಿಯಲ್ಲಿ ಕಾಲು ಮುರಿದುಕೊಂಡವರು ಮೊದಲು ಆಸ್ಪತ್ರೆಗೆ ಹೋಗಿ, ಆಮೇಲೆ ಸೆಕ್ರೆಟರಿಯ ಮನೆಗೆ ಬರುತ್ತಿದ್ದರು. ತೀರಾ ಆತುರದವರು ಮೊದಲು ಸೆಕ್ರೆಟರಿಯ ಮನೆಗೇ ಬಂದುಬಿಡುತ್ತಿದ್ದರು.

ಸೆಕ್ರೆಟರಿ ಎಂದರೆ ಸರ್ಕಾರದ ಸೆಕ್ರೆಟರಿ ಅಂತ ಯಾರೂ ಗಾಬರಿಯಾಗಬೇಕಿಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ತಕ್ಕಡಿಗಳಿಗೂ ಲೀಟರು ಪಾತ್ರೆಗಳಿಗೂ ಮುದ್ರೆ ಒತ್ತಿ ನಿವೃತ್ತರಾದ ಗುಮಾಸ್ತರು ಅವರು. ಎಂಟು ವರ್ಷದ ಹಿಂದೆ ಅವರ ತಾಯಿ ತೀರಿಕೊಂಡಾಗ ಮನೆಯಲ್ಲಿ ಒಂದು ಗಾಲಿಕುರ್ಚಿ ಉಳಿಯಿತು. ಅದನ್ನು ಯಾರೋ ಒಂದು ತಿಂಗಳ ಮಟ್ಟಿಗೆ ಕೇಳಿದರು, ಕೊಟ್ಟರು. ವಾಪಸು ತರುವಾಗ ಆ ಪುಣ್ಯಾತ್ಮರು ತಮ್ಮ ಮನೆಯದೂ ಒಂದು ಊರುಗೋಲು ಸೇರಿಸಿ ತಂದರು. ಹೀಗೆ ಹೋಗುವುದಕ್ಕಿಂತ ಬರುವುದೇ ಜಾಸ್ತಿಯಾಗಿ, ಕೊನೆಗೆ ಅದಕ್ಕೆ 'ಎರವಲು ಸಂಘ' ಎಂದು ಹೆಸರಿಡಬೇಕಾಯಿತು. ಏಳು ಜನರ ಕಮಿಟಿ. ಬೀದಿಯ ದರ್ಜಿ ಅಧ್ಯಕ್ಷ, ಏಕೆಂದರೆ ಕಮಿಟಿ ಕೂರುವುದಕ್ಕೆ ಅವನ ಅಂಗಡಿಯ ಮುಂದೆ ಉದ್ದನೆಯ ಬೆಂಚು ಇತ್ತು. ಆಸ್ಪತ್ರೆಯಿಂದ ನಿವೃತ್ತಳಾದ ನರ್ಸಕ್ಕ ಖಜಾಂಚಿ. ಇಂಗ್ಲಿಷ್ ಕಾಗದ ಓದಿ ಅರ್ಥ ಹೇಳಬಲ್ಲವರು ಬೀದಿಗೆ ಒಬ್ಬರೇ ಆದ್ದರಿಂದ ಅವರು ಸೆಕ್ರೆಟರಿ.

ಓದುವುದೇನೋ ಅವರು ಚೆನ್ನಾಗಿಯೇ ಓದುತ್ತಿದ್ದರು. ತೊಂದರೆ ಇದ್ದದ್ದು ಅರ್ಥದಲ್ಲಿ. 'ಗೊತ್ತಿಲ್ಲ' ಅನ್ನುವ ಮಾತು ಅವರ ಬಾಯಿಂದ ಬಂದದ್ದನ್ನು ಹೆಂಡತಿ ಕೂಡ ಕೇಳಿದವಳಲ್ಲ.

ಸಂಘದ ಸಾಮಾನೆಲ್ಲ ಇರುತ್ತಿದ್ದದ್ದು ಸೆಕ್ರೆಟರಿಯ ಮನೆಯ ಮುಂದಿನ ಕೋಣೆಯಲ್ಲಿ. ಆರು ಗಾಲಿಕುರ್ಚಿ, ನಾಲ್ಕು ವಾಕರ್, ಲೆಕ್ಕ ತಪ್ಪಿದಷ್ಟು ಊರುಗೋಲು, ಜೊತೆಗೆ ಆಸ್ಪತ್ರೆಯ ಎರಡು ಕಬ್ಬಿಣದ ಮಂಚಗಳು ಗೋಡೆಗೆ ಒರಗಿ ನೆಟ್ಟಗೆ ನಿಂತಿದ್ದವು. ಮನೆಯ ಸ್ವಂತ ಕುರ್ಚಿಗಳನ್ನು ಜಾಗ ಸಾಲದೆ ಎಂದೋ ಮಾರಿಯಾಗಿತ್ತು. ಹೆಂಡತಿ ಗಾಲಿಕುರ್ಚಿಯಲ್ಲೇ ಕೂತು ತರಕಾರಿ ಹೆಚ್ಚುತ್ತಿದ್ದಳು, ಸಿಪ್ಪೆ ಎಸೆಯಬೇಕಾದಾಗ ಕೂತಲ್ಲಿಂದಲೇ ಉರುಳಿಕೊಂಡು ಹೋಗಿ ಎಸೆದು ಬರುತ್ತಿದ್ದಳು. "ನನಗೆ ಕಾಲು ಸರಿಯಾಗಿದೆ ಅಂತ ನಿಮ್ಮ ಸಂಘಕ್ಕೆ ಒಂದು ಅರ್ಜಿ ಕೊಡ್ಲಾ?" ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಳು.

ಇಂಥ ಸ್ಥಿತಿಯಲ್ಲಿರುವಾಗ ಆ ಕಾಗದ ಬಂತು.

ಕಾಗದ ದಪ್ಪಗಿತ್ತು, ಒಳ್ಳೆಯ ವಾಸನೆಯಿತ್ತು. ದರ್ಜಿಯ ಅಂಗಡಿಯ ಮುಂದೆ ಕಮಿಟಿ ಸೇರಿತು. ಸೆಕ್ರೆಟರಿ ಕನ್ನಡಕ ಒರೆಸಿಕೊಂಡು ಓದಿದರು. ಸಾರಾಂಶ ಇಷ್ಟು: ವಿದೇಶದ ಒಂದು ನೆರವು ಕಚೇರಿ ಇಲ್ಲಿಯವರೆಗೆ ಹಣವನ್ನು ರಾಜಧಾನಿಯ ದೊಡ್ಡ ಸಂಸ್ಥೆಗಳಿಗೆ ಕೊಡುತ್ತಿತ್ತು. ಅವರು ಅದನ್ನು ಮಧ್ಯಮ ಸಂಸ್ಥೆಗಳಿಗೆ ಕೊಟ್ಟು, ಅವರು ಸಣ್ಣ ಸಂಸ್ಥೆಗಳಿಗೆ ಕೊಟ್ಟು, ಬೀದಿಗೆ ತಲುಪುವಷ್ಟರಲ್ಲಿ ಒಂದು ಬ್ಯಾನರೂ ಎರಡು ಪೆನ್ನೂ ಉಳಿಯುತ್ತಿದ್ದವು. ಆದ್ದರಿಂದ ಇನ್ನು ಮುಂದೆ ಸ್ಥಳೀಯ ಸಂಘಗಳಿಗೇ ನೇರವಾಗಿ ಕೊಡುವುದು. ನರ್ಸಕ್ಕ ಹೋದ ವರ್ಷ ತನ್ನ ಆಸ್ಪತ್ರೆಯ ಡಾಕ್ಟರ ಕೈಲಿ ಬರೆಸಿ ಕಳಿಸಿದ್ದ ಅರ್ಜಿ ಅವರಿಗೆ ಹಿಡಿಸಿದೆ. ಮೊದಲ ಹಂತವಾಗಿ, ಬರುವ ಸೋಮವಾರದಿಂದ ಮೂರು ದಿನ, ಸಂಘಕ್ಕೆ 'ಕೆಪಾಸಿಟಿ ಬಿಲ್ಡಿಂಗ್' ಒದಗಿಸಲಾಗುವುದು.

ಎಲ್ಲರೂ ಸೆಕ್ರೆಟರಿಯ ಮುಖ ನೋಡಿದರು.

"ಏನು ಹಾಗಂದ್ರೆ?" ಎಂದ ದರ್ಜಿ.

ಸೆಕ್ರೆಟರಿಗೆ ನಗು ಬಂತು. ಇಡೀ ಇಂಗ್ಲಿಷ್ ಭಾಷೆಯಲ್ಲಿ ಅವರಿಗೆ ಅನುಮಾನವೇ ಇಲ್ಲದ ಪದ ಒಂದಿದ್ದರೆ ಅದು ಕೆಪಾಸಿಟಿ. ಮೂವತ್ತೊಂದು ವರ್ಷ ಸೀಮೆಎಣ್ಣೆ ಅಳೆಯುವ ಪಾತ್ರೆಗಳ ಮೇಲೆ ಅದನ್ನೇ ಓದಿದ್ದರು. "ಕೆಪಾಸಿಟಿ ಅಂದ್ರೆ ಒಳಗೆ ಎಷ್ಟು ಹಿಡಿಸತ್ತೆ ಅನ್ನೋದು ಮಾಸ್ಟ್ರೇ. ಬಿಲ್ಡಿಂಗ್ ಅಂದ್ರೆ ನಿಮಗೇ ಗೊತ್ತು."

"ಅಂದ್ರೆ..."

"ನಮ್ಮ ಸಾಮಾನೆಲ್ಲ ಹಿಡಿಸೋವಂಥ ಕಟ್ಟಡ."

ಬೆಂಚಿನ ಮೇಲಿದ್ದವರೆಲ್ಲ ತಲೆಯಾಡಿಸಿದರು. ನರ್ಸಕ್ಕ ಮಾತ್ರ ಕಾಗದವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದಳು. "ಮೂರು ದಿನ ಅಂತ ಬರೆದಿದೆಯಲ್ಲ. ಮೂರು ದಿನದಲ್ಲಿ ಎಂಥ ಕಟ್ಟಡ? ನಮ್ಮ ಆಸ್ಪತ್ರೆಯವರು ಬಚ್ಚಲಿಗೆ ಒಂದು ಬಾಗಿಲು ಇಡೋಕೆ ಏಳು ವರ್ಷ ತಗೊಂಡ್ರು."

"ಅವರು ಫಾರಿನ್ನವರು ನರ್ಸಕ್ಕ," ಎಂದರು ಸೆಕ್ರೆಟರಿ, ತಾವೂ ಅಲ್ಲಿಂದಲೇ ಈಗ ಬಂದವರಂತೆ. "ಗೋಡೆ ಒಂದು ಕಡೆ, ಸೂರು ಒಂದು ಕಡೆ ರೆಡಿ ಮಾಡಿ ಲಾರೀಲಿ ತರ್ತಾರೆ. ಇಲ್ಲಿ ಬಂದು ಬೋಲ್ಟು ಹಾಕೋದಷ್ಟೇ. ನಿಜ ಹೇಳಬೇಕಂದ್ರೆ ಮೂರು ದಿನ ಹೆಚ್ಚೇ ಆಯ್ತು."

ಅಂದು ಸಂಜೆಯೊಳಗೆ ಕಟ್ಟಡಕ್ಕೆ ಒಂದು ಮಹಡಿ ಎದ್ದಿತು. ಮರುದಿನ ಬೆಳಿಗ್ಗೆ ಎರಡಾಯಿತು. ದರ್ಜಿಯ ಅತ್ತಿಗೆ ಬಂದು, ಮೇಲಿನ ಮಹಡಿಯಲ್ಲಿ ಗಾಳಿ ಚೆನ್ನಾಗಿ ಬರುವ ಕೋಣೆ ತನ್ನ ಮಗಳ ಹೊಲಿಗೆ ಕ್ಲಾಸಿಗೆ ಬೇಕೆಂದು ಹೇಳಿಹೋದಳು. ಹೆಂಡತಿ ಯಾವ ಮಹಡಿಯನ್ನೂ ಕೇಳಲಿಲ್ಲ. ಗಾಲಿಕುರ್ಚಿಯಲ್ಲಿ ಕೂತು, ಮುಂದಿನ ಕೋಣೆಯನ್ನು ಸುತ್ತಲೂ ಒಮ್ಮೆ ನೋಡಿ, "ನಿಜವಾಗ್ಲೂ ಹೋಗತ್ತೇನ್ರೀ ಇದೆಲ್ಲ?" ಎಂದಳು. ಸೆಕ್ರೆಟರಿ "ಬುಧವಾರದೊಳಗೆ" ಎಂದರು.

ಆಮೇಲೆ ಹಿಂದೆ ಸರಿಯುವ ದಾರಿ ಇರಲಿಲ್ಲ.

ಹೆಂಡತಿಯ ತಮ್ಮ ಮೇಸ್ತ್ರಿ. ಸುದ್ದಿ ತಿಳಿದ ತಕ್ಷಣ ಟೇಪು, ಹಗ್ಗ, ಒಂದು ಕಟ್ಟು ಗೂಟ ಹಿಡಿದುಕೊಂಡು ಬಂದ. "ಭಾವ, ಅವರು ಕಟ್ಟಡ ತರ್ತಾರೆ ಸರಿ. ಇಡೋದೆಲ್ಲಿ?" ಎಂದ. ಪ್ರಶ್ನೆ ನ್ಯಾಯವಾಗಿತ್ತು. ಬೀದಿಯ ತುದಿಯಲ್ಲಿ ನೀರಿನ ಹಳೆಯ ಟ್ಯಾಂಕು ಒಡೆದು ತೆಗೆದ ಜಾಗ ಖಾಲಿ ಬಿದ್ದಿತ್ತು. ಮೇಸ್ತ್ರಿ ಅಲ್ಲಿ ನಾಲ್ಕು ಮೂಲೆಗೆ ಗೂಟ ಹೊಡೆದು ಹಗ್ಗ ಕಟ್ಟಿದ.

ಅಷ್ಟರಲ್ಲಿ ಎರಡನೇ ಲಕೋಟೆ ಬಂತು. ಅದರಲ್ಲಿ ಒಂದು ಫಾರಂ, ತುಂಬಿ ತಕ್ಷಣ ಕಳಿಸಬೇಕಂತೆ. ಸೆಕ್ರೆಟರಿ ನಿಘಂಟು ಪಕ್ಕದಲ್ಲಿಟ್ಟುಕೊಂಡು ಕೂತರು.

'ನಿಮ್ಮ ಸಂಘದ ಈಗಿನ ಕೆಪಾಸಿಟಿ ಏನು?' ಎನ್ನುವುದು ಮೊದಲ ಪ್ರಶ್ನೆ. 'ಹನ್ನೆರಡು ಅಡಿಗೆ ಹತ್ತು ಅಡಿ. ತುಂಬಿದೆ' ಎಂದು ಬರೆದರು.

'ಕೆಪಾಸಿಟಿಯಲ್ಲಿ ಇರುವ ಗ್ಯಾಪುಗಳು ಯಾವುವು?' ಸೆಕ್ರೆಟರಿ ಎದ್ದು ಹೋಗಿ ಅಳೆದು ಬಂದರು. 'ಮಂಚಕ್ಕೂ ಗೋಡೆಗೂ ನಡುವೆ ಎರಡು ಅಂಗುಲ. ಉಳಿದಂತೆ ಗ್ಯಾಪ್ ಇಲ್ಲ.'

'ನಿಮ್ಮ ಸ್ಟೇಕ್‌ಹೋಲ್ಡರುಗಳು ಯಾರು?' ಇಲ್ಲಿ ಸ್ವಲ್ಪ ತಡವರಿಸಿದರು. ನಿಘಂಟಿನಲ್ಲಿ ಸ್ಟೇಕ್ ಅಂದರೆ ಗೂಟ ಎಂದಿತ್ತು. ಹೋಲ್ಡರ್ ಅಂದರೆ ಹಿಡಿಯುವವನು. ಗೂಟ ಹಿಡಿಯುವವನು! ವಿದೇಶದವರು ಎಷ್ಟು ವಿವರವಾಗಿ ಯೋಚನೆ ಮಾಡುತ್ತಾರೆ ಎಂದು ಅವರಿಗೆ ಬೆರಗಾಯಿತು. 'ಸದ್ಯಕ್ಕೆ ಒಬ್ಬನೇ, ನನ್ನ ಭಾವಮೈದುನ. ಒಳ್ಳೆಯ ಕೆಲಸಗಾರ' ಎಂದು ಬರೆದು, ರಾಜಧಾನಿಯಲ್ಲಿದ್ದ ಅವರ ಶಾಖೆಗೆ ಅಂದೇ ಅಂಚೆಗೆ ಹಾಕಿದರು.

ಶನಿವಾರ ಪುರಸಭೆಯ ಇನ್‌ಸ್ಪೆಕ್ಟರ್ ಆ ದಾರಿಯಲ್ಲಿ ಬಂದವನು ಹಗ್ಗಕ್ಕೆ ಕಾಲು ಸಿಕ್ಕಿಸಿಕೊಂಡು ಮುಗ್ಗರಿಸಿದ. ಆಗ ಗೂಟಗಳು ಕಣ್ಣಿಗೆ ಬಿದ್ದವು.

"ಏನ್ರೀ ಇದು?"

"ಕಟ್ಟಡಕ್ಕೆ ಜಾಗ ಗುರುತು ಮಾಡಿದ್ದೀವಿ ಸಾರ್," ಎಂದರು ಸೆಕ್ರೆಟರಿ.

"ಪ್ಲಾನ್ ಎಲ್ಲಿದೆ?"

"ಫಾರಿನ್ನಲ್ಲಿದೆ."

"ಕಟ್ಟಡ ಯಾರು ಕಟ್ತಾರೆ?"

"ಕಟ್ಟಿ ಆಗಿದೆ ಸಾರ್. ಸೋಮವಾರ ಬರತ್ತೆ."

ಇನ್‌ಸ್ಪೆಕ್ಟರ್ ಕೈಚೀಲ ಬಿಚ್ಚಿ ಒಳಗೆ ಬಹಳ ಹೊತ್ತು ಹುಡುಕಿದ. "ನೋಡ್ರೀ, ನನ್ನ ಹತ್ರ ಎರಡು ಥರದ ಫಾರಂ ಇದೆ. ಕಟ್ಟೋ ಕಟ್ಟಡಕ್ಕೆ ಒಂದು, ಕೆಡವೋ ಕಟ್ಟಡಕ್ಕೆ ಒಂದು. ಬರೋ ಕಟ್ಟಡಕ್ಕೆ ಫಾರಂ ಇಲ್ಲ."

"ಹಾಗಾದ್ರೆ ಏನು ಮಾಡೋದು?"

"ಕಟ್ಟೋ ಫಾರಂ ಖಾಲಿಯಾಗಿದೆ. ಕೆಡವೋದು ಕೊಡ್ತೀನಿ." ಅಲ್ಲೇ ನಿಂತು ಬರೆದ: ಅನುಮತಿ ಇಲ್ಲದೆ ಎಬ್ಬಿಸಿರುವ ಕಟ್ಟಡವನ್ನು ಬುಧವಾರದೊಳಗೆ ಕೆಡವತಕ್ಕದ್ದು. ತಪ್ಪಿದಲ್ಲಿ ಪುರಸಭೆಯೇ ಕೆಡವಿ ಖರ್ಚನ್ನು ಸಂಘದಿಂದ ವಸೂಲು ಮಾಡುವುದು.

ಸೆಕ್ರೆಟರಿ ನೋಟೀಸು ಹಿಡಿದು ಮನೆಗೆ ಬಂದರು. ಕಟ್ಟಡ ಪೂರ್ತಿಯಾಗುವುದು ಬುಧವಾರ, ಕೆಡವಬೇಕಾದದ್ದೂ ಬುಧವಾರ. ಹಾಗಾದರೆ ಸಾಮಾನು ಒಳಗಿಡುವುದು ಯಾವಾಗ? ಮಧ್ಯಾಹ್ನ ಒಂದೆರಡು ಗಂಟೆ ಬಿಡುವು ಸಿಗಬಹುದೇನೋ. ಅವರಿಗೆ ಊಟ ರುಚಿಸಲಿಲ್ಲ.

ಸೋಮವಾರ ಬೆಳಿಗ್ಗೆ ಬೀದಿಗೆ ಬೀದಿಯೇ ಮನೆಯ ಹೊರಗಿತ್ತು. ಲಾರಿ ತಿರುಗುವುದಕ್ಕೆ ಅಡ್ಡವಾಗಬಾರದೆಂದು ಸೈಕಲ್ಲುಗಳನ್ನು ತೆಗೆಸಿದ್ದರು. ಮೇಸ್ತ್ರಿ ನಾಲ್ಕು ಆಳುಗಳನ್ನು ಕರೆತಂದಿದ್ದ. ಒಂಬತ್ತೂವರೆಗೆ ಒಂದು ಸಣ್ಣ ಕಾರು ಬಂತು. ಅದರಿಂದ ಎತ್ತರದ ವಿದೇಶಿ ಮೇಡಂ ಒಬ್ಬರು ಇಳಿದರು. ಹಿಂದೆಯೇ ಕಂಕುಳಲ್ಲಿ ಕಾಗದದ ಸುರುಳಿ ಹಿಡಿದುಕೊಂಡು ದುಭಾಷಿ ಇಳಿದ. ಕಾರಿನ ಬಾಗಿಲು ಮುಚ್ಚಿಕೊಂಡಿತು.

"ಪ್ಲಾನು ಬಂತು," ಎಂದು ಮೇಸ್ತ್ರಿ ಪಿಸುಗುಟ್ಟಿದ. "ಲಾರಿ ಹಿಂದೆ ಇರಬೇಕು."

ದುಭಾಷಿ ಪುಸ್ತಕದಂತೆ ಮಾತಾಡುವ ಮನುಷ್ಯ. "ಮೇಡಂ ಅವರು ತಮ್ಮ ಫಾರಂ ಓದಿ ಅತೀವ ಹರ್ಷಗೊಂಡಿದ್ದಾರೆ. ಇನ್ನೂರು ಸಂಘಗಳು ಒಂದೇ ಉತ್ತರವನ್ನು ನಕಲು ಮಾಡಿ ಕಳಿಸಿವೆ. ಅಂಗುಲದ ಲೆಕ್ಕದಲ್ಲಿ ಉತ್ತರಿಸಿದವರು ತಾವೊಬ್ಬರೇ. ಎಲ್ಲಿ ಆರಂಭಿಸೋಣ?"

"ಜಾಗ ಅಲ್ಲಿದೆ," ಎಂದು ಸೆಕ್ರೆಟರಿ ಬೀದಿಯ ತುದಿ ತೋರಿಸಿದರು.

"ಬಿಸಿಲಿದೆಯಲ್ಲ. ಒಳಗೆ ಕೂರೋಣ."

ಒಳಗೆ ಎಂದರೆ ಮುಂದಿನ ಕೋಣೆ. ಅಲ್ಲಿ ಕೂರುವುದಕ್ಕೆ ಇದ್ದದ್ದು ಗಾಲಿಕುರ್ಚಿಗಳು ಮಾತ್ರ. ಆರು ಜನ ಆರರಲ್ಲಿ ಕೂತರು. ಏಳನೆಯವನು ಕಿರಾಣಿ ಅಂಗಡಿಯವನು, ಊರುಗೋಲಿಗೆ ಆತು ನಿಂತ. ಮೇಡಂ ಸುರುಳಿ ಬಿಚ್ಚಿ ಗೋಡೆಗೆ ಅಂಟಿಸಿ ತಿರುಗಿ ನೋಡಿದರು. ಕಣ್ಣು ತುಂಬಿಕೊಂಡಿತು. ದುಭಾಷಿಯ ಕಿವಿಯಲ್ಲಿ ಏನೋ ಹೇಳಿದರು.

"ತಾವೆಲ್ಲ ಎಷ್ಟು ವರ್ಷಗಳಿಂದ ಹೀಗಿದ್ದೀರಿ ಎಂದು ಮೇಡಂ ಕೇಳುತ್ತಿದ್ದಾರೆ."

"ಎಂಟು ವರ್ಷದಿಂದ ಹೀಗೇ ಇದ್ದೀವಿ," ಎಂದ ದರ್ಜಿ ಹೆಮ್ಮೆಯಿಂದ. "ಒಬ್ಬರೂ ಬದಲಾಗಿಲ್ಲ."

ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡು ಉದ್ದನೆಯ ಮಾತಾಡಿದರು. "ತಮ್ಮ ಕಷ್ಟವನ್ನು ಮೀರಿ ಇತರರಿಗೆ ನೆರವಾಗುತ್ತಿರುವ ನಿಮ್ಮಂಥವರನ್ನು ಅವರು ಯಾವ ದೇಶದಲ್ಲೂ ಕಂಡಿಲ್ಲವಂತೆ," ಎಂದ ದುಭಾಷಿ. ಕಮಿಟಿ ಸಂಕೋಚದಿಂದ ತಲೆ ತಗ್ಗಿಸಿತು. ಇಷ್ಟೊಂದು ಹೊಗಳಿದ ಮೇಲೆ ಚಹಾ ಕೊಡದಿದ್ದರೆ ಹೇಗೆ ಎಂದು ದರ್ಜಿ ಎದ್ದು ಸರಸರ ಅಡುಗೆಮನೆಗೆ ನಡೆದ.

ಮೇಡಂ ಸಣ್ಣಗೆ ಕಿರುಚಿದರು.

ಆಮೇಲಿನ ಗೊಂದಲ ತಿಳಿಯಾಗಲು ಕಾಲು ಗಂಟೆ ಬೇಕಾಯಿತು. ಎಲ್ಲರೂ ಒಬ್ಬೊಬ್ಬರಾಗಿ ಎದ್ದು ನಿಂತು, ಎರಡು ಹೆಜ್ಜೆ ನಡೆದು ತೋರಿಸಬೇಕಾಯಿತು. ಕಿರಾಣಿಯವನು ಊರುಗೋಲನ್ನು ಮೂಲೆಗೆಸೆದು ಸ್ವಲ್ಪ ಕುಣಿದೂ ತೋರಿಸಿದ. ಮೇಡಂ ನೀರು ಕುಡಿದು, ಸುಧಾರಿಸಿಕೊಂಡು, ಗೋಡೆಯ ಕಾಗದದ ಮೇಲೆ ಒಂದು ದೊಡ್ಡ ವೃತ್ತ ಬರೆದರು. ಅದರೊಳಗೆ ಸಣ್ಣ ಸಣ್ಣ ವೃತ್ತಗಳನ್ನು ಬರೆದರು.

"ದುಂಡಗಿನ ಕಟ್ಟಡವಾ?" ಎಂದು ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಗಾಬರಿಯಾದ. "ನಾನು ಚೌಕಕ್ಕೆ ಗೂಟ ಹೊಡೆದಿದ್ದೀನಿ ಭಾವ!"

"ಸುಮ್ನಿರೋ," ಎಂದರು ಸೆಕ್ರೆಟರಿ. ಆದರೆ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ವೃತ್ತದಿಂದ ವೃತ್ತಕ್ಕೆ ಬಾಣ ಹೋಗುತ್ತಿತ್ತು. ಬಾಗಿಲು ಎಲ್ಲೂ ಇರಲಿಲ್ಲ. ಹೊರಗೆ ಲಾರಿಯ ಸದ್ದೂ ಇರಲಿಲ್ಲ. ಹನ್ನೊಂದೂವರೆ ಹೊತ್ತಿಗೆ ಮೇಡಂ ಆರನೆಯ ಹಾಳೆ ಅಂಟಿಸಿದಾಗ ನರ್ಸಕ್ಕನಿಗೆ ತಡೆಯಲಾಗಲಿಲ್ಲ.

"ಕೇಳಪ್ಪಾ ಅವರನ್ನ. ಕಟ್ಟಡ ಯಾವಾಗ ಬರತ್ತೆ? ಎಲ್ಲಿದೆ ಅದು ಈಗ?"

ದುಭಾಷಿ ಕೇಳಿದ. ಮೇಡಂ ಮುಖ ಅರಳಿತು. ಎಂಥ ಒಳ್ಳೆಯ ಪ್ರಶ್ನೆ ಎನ್ನುವಂತೆ ಎರಡೂ ಕೈ ಚಾಚಿ ಉತ್ತರಿಸಿದರು.

"ಅದು ನಿಮ್ಮೊಳಗೇ ಇದೆ ಎಂದು ಮೇಡಂ ಹೇಳುತ್ತಿದ್ದಾರೆ."

ಕಮಿಟಿಯವರು ತಮ್ಮ ತಮ್ಮ ಹೊಟ್ಟೆ ನೋಡಿಕೊಂಡರು.

ಅಡುಗೆಮನೆಯಿಂದ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. "ನಮ್ಮೊಳಗೆ ಅಂದ್ರೆ? ಈ ಮನೆಯೊಳಗಾ? ಇನ್ನೊಂದು ಊರುಗೋಲು ಕೂಡ ಹಿಡಿಸಲ್ಲ ಇಲ್ಲಿ, ಹೇಳಿಬಿಡಿ ಅವರಿಗೆ. ಬುಧವಾರ ಎಲ್ಲ ಹೋಗತ್ತೆ ಅಂದಿದ್ರಲ್ಲ? ಹೇಳಿ, ಅಂದಿದ್ರೋ ಇಲ್ವೋ?"

ಕೊನೆಯ ಮಾತು ಮೇಡಂಗೆ ಹೇಳಿದ್ದಲ್ಲ. ಕೋಣೆಯಲ್ಲಿದ್ದವರೆಲ್ಲ ಸೆಕ್ರೆಟರಿಯತ್ತ ತಿರುಗಿದರು. ಕಿಸೆಯಲ್ಲಿ ಪುರಸಭೆಯ ನೋಟೀಸು, ಎದುರಿಗೆ ಗೋಡೆ ತುಂಬ ವೃತ್ತಗಳು, ಬಾಗಿಲಲ್ಲಿ ಹೆಂಡತಿ. ಸೆಕ್ರೆಟರಿ ನಿಂತರು. ಕೂತರು. ಮತ್ತೆ ನಿಂತರು.

"ನನಗೆ..." ಎಂದರು. "ಕೆಪಾಸಿಟಿ ಬಿಲ್ಡಿಂಗ್ ಅಂದ್ರೆ ಏನು ಅಂತ ನನಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು ಅಂದ್ಕೊಂಡಿದ್ದೆ."

ದುಭಾಷಿ ವಿವರಿಸಿದ. ಅದು ತರಬೇತಿ. ಸಂಘ ನಡೆಸುವವರಿಗೆ ಸಂಘ ನಡೆಸುವುದನ್ನು ಕಲಿಸುವುದು. ಲಾರಿ ಇಲ್ಲ, ಬೋಲ್ಟು ಇಲ್ಲ. ಮೇಡಂ ಬಂದಿರುವುದು ಬರಿಗೈಲಿ, ಹದಿನೆಂಟು ಹಾಳೆಗಳೊಂದಿಗೆ.

"ಪಾಠ ಹೇಳೋಕಾ?" ಎಂದ ದರ್ಜಿ. "ನಾನು ಅಂಗಡಿ ಬಾಗಿಲು ಹಾಕಿ ಬಂದಿದ್ದೀನಿ!"

"ನಾಲ್ಕು ಆಳು ಭಾವ, ನಾಲ್ಕು ಆಳು!" ಎಂದ ಮೇಸ್ತ್ರಿ.

ಹೆಂಡತಿ ಒಳಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು. ಸೆಕ್ರೆಟರಿಗೆ ಉಳಿದೆಲ್ಲರ ಕೂಗಿಗಿಂತ ಅದೇ ಜೋರಾಗಿ ಕೇಳಿಸಿತು.

ಆ ಗದ್ದಲದ ನಡುವೆ ಬಾಗಿಲಲ್ಲಿ ಬಣ್ಣ ಬಳಿಯುವವನ ಹೆಂಡತಿ ಬಂದು ನಿಂತಿದ್ದನ್ನು ಯಾರೂ ಗಮನಿಸಲಿಲ್ಲ. ಗಂಡ ಏಣಿಯಿಂದ ಬಿದ್ದಿದ್ದಾನೆ, ಪ್ಲಾಸ್ಟರ್ ಹಾಕಿದ್ದಾರೆ, ಆಸ್ಪತ್ರೆ ಗೇಟಿನಲ್ಲಿ ಕೂರಿಸಿ ಓಡಿಬಂದಿದ್ದೇನೆ ಎಂದಳು ಏದುಸಿರಿನಲ್ಲಿ. ಅಧ್ಯಕ್ಷ ಖಜಾಂಚಿಯ ಮುಖ ನೋಡಿದ, ಖಜಾಂಚಿ ಸೆಕ್ರೆಟರಿಯ ಮುಖ ನೋಡಿದಳು. ಸೆಕ್ರೆಟರಿ ಅಡುಗೆಮನೆಯ ಕಡೆ ನೋಡಿದರು.

ಒಳಗಿದ್ದ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. "ಯಾವ ಕಾಲು? ಮಂಡಿ ಮೇಲಾ ಕೆಳಗಾ? ನಿಮ್ಮನೆ ಬಾಗಿಲು ಎಷ್ಟು ಅಗಲ? ಮೆಟ್ಟಿಲಿದೆಯಾ?" ಎಂದು ಕೇಳುತ್ತಲೇ ನರ್ಸಕ್ಕನನ್ನು ಎಬ್ಬಿಸಿ ಅವಳಡಿಯ ಕುರ್ಚಿ ಎಳೆದಳು. ಚಕ್ರ ತಿರುಗಿಸಿ ನೋಡಿ, "ಇದು ಬೇಡ, ಎಡಕ್ಕೆ ಎಳೆಯತ್ತೆ" ಎಂದು ದರ್ಜಿಯನ್ನೂ ಎಬ್ಬಿಸಿದಳು. ಕಾಲು ಚಾಚಿಡುವ ಹಲಗೆ ಸಿಕ್ಕಿಸಿದಳು. "ಆರು ವಾರ. ಪ್ಲಾಸ್ಟರ್ ತೆಗೆದ ದಿನವೇ ತರಬೇಕು. ಇಳಿಜಾರಲ್ಲಿ ಹಿಮ್ಮುಖ ಇಳಿಸು, ಮುಂದಕ್ಕೆ ಇಳಿಸಿದ್ರೆ ಇನ್ನೊಂದು ಕಾಲೂ ಹೋಗತ್ತೆ." ಎಲ್ಲ ನಾಲ್ಕು ನಿಮಿಷದ ಕೆಲಸ. ಬಣ್ಣದವನ ಹೆಂಡತಿ ಕುರ್ಚಿ ತಳ್ಳಿಕೊಂಡು ಓಡಿದಳು.

ಮೇಡಂ ಕೈಲಿದ್ದ ಏಳನೆಯ ಹಾಳೆ ಅಂಟಿಸದೆ ಹಾಗೇ ನಿಂತಿದ್ದರು. "ಈಕೆ ಕಮಿಟಿಯಲ್ಲಿ ಯಾವ ಹುದ್ದೆಯಲ್ಲಿದ್ದಾರೆ?" ಎಂದು ಅವರ ಪರವಾಗಿ ದುಭಾಷಿ ಕೇಳಿದ.

"ಅವಳು ಕಮಿಟೀಲಿಲ್ಲ," ಎಂದರು ಸೆಕ್ರೆಟರಿ. "ನನ್ನ ಹೆಂಡತಿ, ಅಷ್ಟೆ."

ಮೇಡಂ ದುಭಾಷಿಯನ್ನು ಎಳೆದುಕೊಂಡು ಅವಳ ಎದುರು ಹೋಗಿ ನಿಂತರು. ನೆರವು ಕೊಟ್ಟರೆ ನಿಮಗೆ ಏನು ಬೇಕು ಎಂದು ಕೇಳಿಸಿದರು. ಹೆಂಡತಿ ಯೋಚಿಸಲೇ ಇಲ್ಲ. ಎಂಟು ವರ್ಷ ಯೋಚಿಸಿ ಇಟ್ಟುಕೊಂಡಿದ್ದ ಉತ್ತರ.

"ನೆಲದ ಮಟ್ಟದಲ್ಲಿ ಒಂದು ಕೋಣೆ. ಬಾಡಿಗೆಗೆ ಸಾಕು. ಬಾಗಿಲು ಮೂರೂವರೆ ಅಡಿ ಇರಬೇಕು. ದರ್ಜಿ ಮಾಸ್ಟ್ರ ಪಕ್ಕದ ಅಂಗಡಿ ವರ್ಷದಿಂದ ಖಾಲಿ ಇದೆ. ಚಕ್ರಕ್ಕೆ ಎಣ್ಣೆ, ಊರುಗೋಲಿನ ತುದಿಗೆ ರಬ್ಬರ್. ದಿನಾ ಅಲ್ಲಿ ಕೂತು ಕೊಟ್ಟು ತಗೊಳ್ಳೋಕೆ ಒಬ್ಬರಿಗೆ ಸಂಬಳ."

"ಆ ಒಬ್ಬರು ಯಾರು?"

"ನಾನೇ. ಮತ್ತ್ಯಾರು?"

ಕಟ್ಟಡ ಕಟ್ಟಲು ಹಣ ಕೊಡುವಂತಿಲ್ಲ, ಆದರೆ ಬಾಡಿಗೆಗೂ ಸಂಬಳಕ್ಕೂ ಕೊಡಬಹುದು ಎಂದು ದುಭಾಷಿ ಹೇಳಿದ. ನರ್ಸಕ್ಕ ಜೋರಾಗಿ ಚಪ್ಪಾಳೆ ತಟ್ಟಿದಳು. ಉಳಿದವರಿಗೆ ಏನಾಯಿತೆಂದು ಪೂರ್ತಿ ತಿಳಿಯದಿದ್ದರೂ ಅವರೂ ತಟ್ಟಿದರು. ಮಿಕ್ಕ ಎರಡು ದಿನ ಮೇಡಂ ಪಾಠ ಹೇಳಲಿಲ್ಲ. ಹೆಂಡತಿಯ ಪಕ್ಕದಲ್ಲಿ ಕೂತು ಬರೆದುಕೊಂಡರು.

ಬುಧವಾರ ಇನ್‌ಸ್ಪೆಕ್ಟರ್ ಇಬ್ಬರು ಕೂಲಿಯವರೊಂದಿಗೆ ಹಾರೆ ಹಿಡಿಸಿಕೊಂಡು ಬಂದ. ಖಾಲಿ ಜಾಗವನ್ನು ಸುತ್ತು ಹಾಕಿದ. ಮೇಸ್ತ್ರಿ ಗೂಟಗಳನ್ನೂ ಕಿತ್ತುಕೊಂಡು ಹೋಗಿದ್ದ. "ಶಭಾಷ್ ಸೆಕ್ರೆಟರಿ! ಒಂದು ಇಟ್ಟಿಗೆ ಚೂರೂ ಇಲ್ಲ. ನೋಟೀಸು ಕೊಟ್ಟ ಮೇಲೆ ಇಷ್ಟು ಚೊಕ್ಕವಾಗಿ ಕೆಡವಿದವರನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ," ಎಂದು ಬೆನ್ನು ತಟ್ಟಿ, ಫೈಲಿನಲ್ಲಿ 'ಆದೇಶ ಪಾಲನೆಯಾಗಿದೆ' ಎಂದು ಬರೆದುಕೊಂಡು ಹೋದ. ಸೆಕ್ರೆಟರಿ ಅವನಿಗೆ ವಿವರಿಸಬೇಕೆಂದಿದ್ದರು. ಎಲ್ಲಿಂದ ಶುರುಮಾಡುವುದೆಂದು ತಿಳಿಯಲಿಲ್ಲ.

ಎರಡು ತಿಂಗಳಾದ ಮೇಲೆ ಸಾಮಾನು ಹೊರಟಿತು. ಬೀದಿಯವರೆಲ್ಲ ಕೈ ಹಾಕಿದರು. ಗಾಲಿಕುರ್ಚಿಗಳು ಸಾಲಾಗಿ ಉರುಳಿಕೊಂಡು ಹೋದವು, ಹಿಂದೆ ವಾಕರುಗಳು. ಕೊನೆಗೆ ಮೇಸ್ತ್ರಿಯೂ ದರ್ಜಿಯೂ ಸೇರಿ ಎರಡು ಕಬ್ಬಿಣದ ಮಂಚಗಳನ್ನು ಗೋಡೆಯಿಂದ ಸರಿಸಿ ಹೊತ್ತುಕೊಂಡು ಹೊರನಡೆದರು.

ಗಂಡ ಹೆಂಡತಿ ಇಬ್ಬರೇ ಉಳಿದರು. ಮಂಚವಿದ್ದ ಗೋಡೆಯಲ್ಲಿ, ವರ್ಷಗಳಿಂದ ಮುಚ್ಚಿ ಮರೆತೇಹೋಗಿದ್ದ ಒಂದು ಕಿಟಕಿ ಇತ್ತು.

"ಇದು ನಮ್ಮದಾ?" ಎಂದರು ಸೆಕ್ರೆಟರಿ.

ಹೆಂಡತಿ ಧೂಳು ಒರೆಸಿ, ಚಿಲಕಕ್ಕೆ ಎರಡು ಏಟು ಕೊಟ್ಟು, ಕದ ನೂಕಿದಳು. ಬೆಳಕು ನೆಲದ ಮೇಲೆ ಚೌಕವಾಗಿ ಬಿತ್ತು. ಮೂರು ಅಡಿ ಓಣಿಯಾಚೆ, ಎದುರು ಕಿಟಕಿಯಲ್ಲಿ ಪಕ್ಕದ ಬೀದಿಯ ಅಜ್ಜಿಯೊಬ್ಬಳು ಸ್ವೆಟರ್ ಹೆಣೆಯುತ್ತ ಕೂತಿದ್ದಳು. ಕದ ತೆರೆದ ಸದ್ದಿಗೆ ತಲೆಯೆತ್ತಿ ಇಬ್ಬರನ್ನೂ ನೋಡಿದಳು. ಕಿಟಕಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಅಂತೂ ಬಂತಾ ನಿಮ್ಮ ಫಾರಿನ್ ಕಟ್ಟಡ?" ಎಂದಳು. "ಸದ್ದೇ ಇಲ್ಲದೆ ತಂದು ಇಟ್ಟಿದ್ದಾರೆ ನೋಡು! ಕಿಟಕಿ ಭಾಳ ಚೆನ್ನಾಗಿದೆ ಕಣಪ್ಪಾ."

ಸೆಕ್ರೆಟರಿ ವಿವರಿಸಲು ಬಾಯಿ ತೆರೆದರು. ಹೆಂಡತಿ ಅವರ ಮೊಣಕೈ ಹಿಡಿದಳು.

"ಹೂಂ ಅನ್ನಿ," ಎಂದಳು.

"ಹೂಂ ಅಜ್ಜಿ," ಎಂದರು ಸೆಕ್ರೆಟರಿ.